ಮೂರು ಗೆರೆ ಬರೆಯುವ ವ್ರೆಂಚ್

ಕ್ರೋಮ್ ಬ್ರೌಸರಿನ ಬಲ ಮೂಲೆಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿದರೆ ಒಂದು ಮೆನು ಇಳಿಯುತ್ತದೆಯಲ್ಲ, ಕೋಡಿನೊಳಗೆ ಅದಕ್ಕೆ ಬಹಳ ಕಾಲ ‘ವ್ರೆಂಚ್ ಮೆನು’ ಎಂಬ ಹೆಸರಿತ್ತು. 2008ರಲ್ಲಿ ಕ್ರೋಮ್ ಮೊದಲು ಬಂದಾಗ ಆ ಜಾಗದಲ್ಲಿ ಎರಡು ಗುಂಡಿಗಳಿದ್ದವು. ಒಂದರ ಮೇಲೆ ಕಾಗದದ ಹಾಳೆಯ ಚಿತ್ರ, ಇನ್ನೊಂದರ ಮೇಲೆ ನಟ್ಟು ಬಿಗಿಯುವ ಸ್ಪ್ಯಾನರಿನ ಚಿತ್ರ; ಅಮೆರಿಕದವರು ಅದನ್ನೇ ವ್ರೆಂಚ್ ಎನ್ನುತ್ತಾರೆ. 2010ರಲ್ಲಿ ಎರಡು ಮೆನುಗಳನ್ನೂ ಕೂಡಿಸಿ ಸ್ಪ್ಯಾನರ್ ಗುಂಡಿಯ ಕೆಳಗೆ ತಂದರು. 2012ರಲ್ಲಿ ಸ್ಪ್ಯಾನರ್ ಹೋಗಿ ಮೂರು ಅಡ್ಡಗೆರೆಗಳು ಬಂದವು; 2016ರಲ್ಲಿ ಗೆರೆಗಳೂ ಹೋಗಿ ಚುಕ್ಕೆಗಳಾದವು. ಬಳಸುವವರು ನಾಲ್ಕು ದಿನ ಗೊಣಗಿ ಒಗ್ಗಿಕೊಂಡರು. ಕೋಡಿನಲ್ಲಿ ಮಾತ್ರ ಸ್ಪ್ಯಾನರ್ ಪರದೆಯಿಂದ ಮರೆಯಾದ ಮೇಲೂ ವರ್ಷಗಟ್ಟಲೆ ಫೈಲಿನ ಹೆಸರು ವ್ರೆಂಚ್, ಕ್ಲಾಸಿನ (ಒಂದು ಕೆಲಸಕ್ಕೆ ಮೀಸಲಾದ ಕೋಡಿನ ತುಂಡಿನ) ಹೆಸರು ವ್ರೆಂಚ್, ಟೆಸ್ಟಿನ ಹೆಸರೂ ವ್ರೆಂಚ್.

ಕ್ರೋಮ್‌ಗೆ ಆಧಾರವಾದ, ಯಾರು ಬೇಕಾದರೂ ಬಳಸಬಹುದಾದ ಕ್ರೋಮಿಯಂ ಕೋಡಿನಲ್ಲಿ ಆ ಕಾಲಕ್ಕೆ ‘ವ್ರೆಂಚ್ ಐಕಾನ್ ಪೇಂಟರ್’ ಎಂಬ ಒಂದು ಕ್ಲಾಸ್ ಇತ್ತು. ಅದರ ಕೆಲಸ ಮೂರು ಗೆರೆ ಬರೆಯುವುದು. ಹೊಸ ಆವೃತ್ತಿ ಬಂದು ಕೂತಿದ್ದರೂ ನಾವು ಬ್ರೌಸರನ್ನು ಮುಚ್ಚಿ ತೆರೆಯದೆ ದಿನ ತಳ್ಳಿದರೆ ಆ ಗೆರೆಗಳಿಗೆ ಮೊದಲು ಹಸಿರು, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು ಬಣ್ಣ ಬರುವಂತೆ ಮಾಡುವುದೂ ಅದರ ಹೊಣೆಯೇ ಆಗಿತ್ತು. ಕೋಡ್ ಅಚ್ಚುಕಟ್ಟಾಗಿತ್ತು, ಒಂದು ಸಾಲೂ ತಪ್ಪಿರಲಿಲ್ಲ. ಹೆಸರು ಮಾತ್ರ ಇಲ್ಲದ ವಸ್ತುವಿನದು.

ಕೆಲವರಿಗೆ ಇದು ತಮಾಷೆಯಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಈ ಒಂದು ಮೆನುವಿನ ಹೆಸರಿನ ಸುತ್ತ ನಾನು ಕಂಡದ್ದು, ಕೇಳಿದ್ದು ವರ್ಷಗಳು ಕಳೆದರೂ ತಲೆಯಿಂದ ಹೋಗಿಲ್ಲ. ಸಾಫ್ಟ್‌ವೇರ್ ತಂಡಗಳಲ್ಲಿ ಯಾರ ಕಷ್ಟ ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ ಎಂಬುದು ನನಗೆ ಮೊದಲು ಅರ್ಥವಾದದ್ದೇ ಇದರಿಂದ. ಅದಕ್ಕೇ ಬರೆದಿಡುತ್ತಿದ್ದೇನೆ.

ಹುಡುಕಿದರೆ ಸಿಗದ ಮೆನು

ಆಗ ನಾನಿದ್ದ ಕಂಪನಿಯಲ್ಲಿ ಕ್ರೋಮಿಯಂ ಕೋಡನ್ನೇ ಆಧಾರವಾಗಿಟ್ಟುಕೊಂಡು ಪರೀಕ್ಷಾ ಕೇಂದ್ರಗಳಿಗಾಗಿ ಒಂದು ಬ್ರೌಸರ್ ಮಾಡುತ್ತಿದ್ದೆವು. ಆನ್‌ಲೈನ್ ಪರೀಕ್ಷೆ ಬರೆಯುವವರು ಹೊಸ ಕಿಟಕಿ ತೆರೆಯಬಾರದು, ಪುಟ ಮುದ್ರಿಸಬಾರದು, ಸೆಟ್ಟಿಂಗ್ಸ್‌ಗೆ ಹೋಗಬಾರದು. ಹಾಗಾಗಿ ನಮ್ಮ ಕೆಲಸದ ಬಹುಪಾಲು ಆ ಮೆನುವಿನ ಮೇಲೆಯೇ ಇತ್ತು: ಈ ಸಾಲು ತೆಗೆ, ಆ ಸಾಲನ್ನು ಮಂಕು ಮಾಡು, ಝೂಮ್ ಮಾತ್ರ ಉಳಿಸು. ತಂಡದ ಹಳಬರಿಗೆ ಆ ಫೈಲ್ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ.

ಹಾಸನದ ಕಡೆಯಿಂದ ಬಂದ ಒಬ್ಬ ಹುಡುಗಿ, ಕಾಲೇಜು ಮುಗಿಸಿ ನೇರವಾಗಿ, ನಮ್ಮ ತಂಡಕ್ಕೆ ಸೇರಿದಳು. ಅವಳಿಗೆ ಮೊದಲು ಕೊಟ್ಟದ್ದು ಸಣ್ಣ ಕೆಲಸ. ಮೆನುವಿನಲ್ಲಿ ‘ಸಹಾಯ’ ಎಂಬ ಸಾಲನ್ನು ಪರೀಕ್ಷೆಯ ಹೊತ್ತಿನಲ್ಲಿ ಅಡಗಿಸಬೇಕಿತ್ತು. ಊಟಕ್ಕೆ ಮುಂಚೆ ಮುಗಿಯಬಹುದೆಂದು ಎಲ್ಲರೂ ಅಂದುಕೊಂಡಿದ್ದೆವು. ಸಂಜೆ ಅವಳ ಮೇಜಿನ ಬಳಿ ಹೋದಾಗ ಪರದೆಯ ಮೇಲೆ ಹುಡುಕಾಟದ ಫಲಿತಾಂಶಗಳು ಪುಟಗಟ್ಟಲೆ ತೆರೆದಿದ್ದವು. ಪಕ್ಕದ ನೋಟ್‌ಬುಕ್ಕಿನಲ್ಲಿ ತಾನು ಹುಡುಕಿದ ಪದಗಳನ್ನೆಲ್ಲ ಒಂದರ ಕೆಳಗೊಂದು ಬರೆದುಕೊಂಡಿದ್ದಳು: ಮೇನ್ ಮೆನು, ಹ್ಯಾಂಬರ್ಗರ್ (ಮೂರು ಗೆರೆಯ ಚಿತ್ರಕ್ಕೆ ಜನ ಇಟ್ಟ ಹೆಸರು), ತ್ರೀ ಬಾರ್ಸ್, ಡ್ರಾಪ್‌ಡೌನ್, ಕಸ್ಟಮೈಸ್. ಪ್ರತಿ ಪದದ ಮುಂದೆ ಒಂದು ಅಡ್ಡಗೆರೆ.

“ವ್ರೆಂಚ್ ಎಂದು ಬಹಳ ಕಡೆ ಬರುತ್ತಿದೆ, ನೋಡಲಿಲ್ಲವೇ?” ಎಂದು ಕೇಳಿದೆ.

“ನೋಡಿದೆ ಸರ್. ಅದು ಡೆವಲಪರ್ ಟೂಲ್ಸ್‌ಗೆ ಸೇರಿದ್ದು ಅಂದುಕೊಂಡು ಬಿಟ್ಟೆ. ರಿಪೇರಿ ಸಾಮಾನಿನ ಹೆಸರಲ್ಲವೇ?” ಎಂದಳು.

ಅವಳ ಊಹೆಯಲ್ಲಿ ಲೋಪವೇ ಇರಲಿಲ್ಲ. ಅದೇ ಫೈಲಿನಲ್ಲಿ ‘ಟೂಲ್ಸ್ ಮೆನು ಮಾಡೆಲ್’ ಎಂಬ ಇನ್ನೊಂದು ಕ್ಲಾಸೂ ಇತ್ತು; ಅದು ನಿಜವಾಗಿಯೂ ಡೆವಲಪರ್ ಉಪಕರಣಗಳೂ ಇರುವ ಉಪಮೆನು. ವ್ರೆಂಚ್, ಟೂಲ್ಸ್ ಎರಡೂ ಪಕ್ಕಪಕ್ಕ ಕುಳಿತಿದ್ದರೆ ಹೊಸಬರು ಎರಡನ್ನೂ ಒಂದೇ ಕಟ್ಟಿಗೆ ಸೇರಿಸದೆ ಇನ್ನೇನು ಮಾಡಿಯಾರು? ಸ್ಪ್ಯಾನರ್ ಚಿತ್ರದ ಕ್ರೋಮ್ ಅವಳು ಕಂಡಿರಲೇ ಇಲ್ಲ. ಮನೆಗೆ ಮೊದಲ ಕಂಪ್ಯೂಟರ್ ಬರುವ ಹೊತ್ತಿಗೆ ಮೂರು ಗೆರೆ ಬಂದಾಗಿತ್ತು.

ಅವತ್ತು ನನ್ನನ್ನು ಹೆಚ್ಚು ಕಾಡಿದ್ದು ಅವಳ ಒಂದು ದಿನ ಹಾಳಾದದ್ದಲ್ಲ, ಅವಳ ದನಿ. ತಾನು ಏನೋ ಗೊತ್ತಿರಬೇಕಾದದ್ದನ್ನು ಓದಿಕೊಂಡು ಬಂದಿಲ್ಲ ಎಂಬಂತೆ ಅವಳು ಮಾತಾಡುತ್ತಿದ್ದಳು. ಹೆಸರೇ ದಾರಿ ತಪ್ಪಿಸಿತು ಎಂಬ ಯೋಚನೆ ಅವಳಿಗೆ ಬಂದಿರಲಿಲ್ಲ, ಬಂದಿದ್ದರೂ ಹೇಳುವ ಧೈರ್ಯ ಇರುತ್ತಿರಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳು ಬರೆದ ಕೋಡು, ತಾನು ನಿನ್ನೆ ಬಂದವಳು. ಕೆಲವೇ ವಾರಗಳಲ್ಲಿ ಅವಳೂ ನಮ್ಮಂತೆಯೇ “ವ್ರೆಂಚ್‌ನಲ್ಲಿ ನೋಡಿ” ಎಂದು ಇತರರಿಗೆ ಹೇಳತೊಡಗಿದಳು. ಒಂದು ತೊಂದರೆ ಬಗೆಹರಿದಂತೆ ಕಂಡಿತು. ಬಗೆಹರಿದಿರಲಿಲ್ಲ, ಅವಳ ಕಣ್ಣಿಗೆ ಕಾಣುವುದು ನಿಂತಿತ್ತು ಅಷ್ಟೆ.

ಹಳತಾದ ಹೆಸರಿನ ಕಷ್ಟವೇ ಇದು. ಅದನ್ನು ಕಾಣಬಲ್ಲವರು ಈಗ ತಾನೇ ಬಂದವರು. ಅವರ ಕೈಯಲ್ಲಿ ಅದನ್ನು ಬದಲಿಸುವ ಅಧಿಕಾರವಿಲ್ಲ. ಅಧಿಕಾರ ಇರುವವರಿಗೆ ಹೆಸರು ಎಷ್ಟು ರೂಢಿಯಾಗಿರುತ್ತದೆ ಎಂದರೆ ಅದು ಕಣ್ಣಿಗೇ ಬೀಳುವುದಿಲ್ಲ. ಹೊಸಬರು ಹಳಬರಾಗುವ ಆ ಕೆಲವು ವಾರಗಳಲ್ಲಿ ಯಾರೂ ಕೇಳಿಸಿಕೊಳ್ಳದೆ ಹೋದರೆ ಮುಂದಿನ ಹೊಸಬರು ಬರುವವರೆಗೆ ಹೆಸರು ಹಾಗೆಯೇ ಇರುತ್ತದೆ, ಅವರೂ ಅಲ್ಲೇ ಎಡವುತ್ತಾರೆ.

ಪ್ಯಾಚ್ ಹಿಡಿಯದ ದಿನ

ಕೊನೆಗೆ ಕ್ರೋಮಿಯಂ ತಂಡದವರೇ ಆ ಹೆಸರನ್ನು ಬದಲಿಸಿದರು. ವ್ರೆಂಚ್ ಮೆನು ‘ಆ್ಯಪ್ ಮೆನು’ ಆಯಿತು. ನಮಗೆ ಸುದ್ದಿ ಮುಟ್ಟಿದ್ದು ಒಳ್ಳೆಯ ರೀತಿಯಲ್ಲಲ್ಲ.

ಕ್ರೋಮಿಯಂನಲ್ಲಿ ಆಗ ಆರು ವಾರಕ್ಕೊಂದು ಆವೃತ್ತಿ ಬರುತ್ತಿತ್ತು. ಪ್ರತಿ ಸಲ ಹೊಸ ಕೋಡನ್ನು ಇಳಿಸಿಕೊಂಡು ಅದರ ಮೇಲೆ ನಮ್ಮ ಬದಲಾವಣೆಗಳನ್ನು ಕೂರಿಸಬೇಕು. ನಾವು ನಮ್ಮ ಬದಲಾವಣೆಗಳನ್ನು ಪ್ಯಾಚ್ ಫೈಲುಗಳಾಗಿ (ಯಾವ ಫೈಲಿನ ಯಾವ ಸಾಲು ಹೇಗೆ ಬದಲಾಗಬೇಕೆಂದು ಹೇಳುವ ಸಣ್ಣ ಫೈಲುಗಳಾಗಿ) ಒಂದು ಫೋಲ್ಡರಿನಲ್ಲಿ ಜೋಡಿಸಿಟ್ಟಿದ್ದೆವು. ಒಂದೊಂದಾಗಿ ಅನ್ವಯಿಸುತ್ತಾ ಹೋಗುವುದು ಕ್ರಮ. ಆ ಬಾರಿ ಮೆನುವಿಗೆ ಸಂಬಂಧಿಸಿದ ಒಂದು ಪ್ಯಾಚೂ ಹಿಡಿಯಲಿಲ್ಲ. ‘ಅಂಥ ಫೈಲ್ ಇಲ್ಲ’ ಎಂಬ ಸಂದೇಶ ಸಾಲುಸಾಲಾಗಿ ಬಂತು. ಹುಡುಕಿ ನೋಡಿದರೆ ಕೋಡ್ ಎಲ್ಲೂ ಹೋಗಿರಲಿಲ್ಲ. ಫೈಲಿಗೆ, ಕ್ಲಾಸಿಗೆ, ಅದನ್ನು ಕರೆಯುವ ಜಾಗಗಳಿಗೆಲ್ಲ ಬೇರೆ ಹೆಸರು ಬಂದಿತ್ತು.

ನಮ್ಮ ತಂಡದ ಹಿರಿಯರೊಬ್ಬರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಇದರಿಂದ ಒಂದು ಬಗ್ ಸರಿಹೋಯಿತೇ? ಬಳಸುವವನಿಗೆ ಏನಾದರೂ ವ್ಯತ್ಯಾಸ ಗೊತ್ತಾಗುತ್ತದೆಯೇ? ನಮ್ಮ ಒಂದು ವಾರ ಮಾತ್ರ ಮಣ್ಣುಪಾಲು” ಎಂದರು. ಅವರ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ದೊಡ್ಡ ಕೋಡಿನಲ್ಲಿ ಹೆಸರು ಬದಲಿಸಿದರೆ ಅದರ ಮೇಲೆ ಆತುಕೊಂಡು ಬದುಕುವ ಹತ್ತಾರು ಸಣ್ಣ ತಂಡಗಳಿಗೆ ಏಟು ಬೀಳುತ್ತದೆ. ಬದಲಿಸಿದವರಿಗೆ ಅವರ ಪರಿಚಯವೂ ಇರುವುದಿಲ್ಲ. ಈ ವೆಚ್ಚವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ‘ಹೆಸರು ಶುದ್ಧವಾಗಿರಬೇಕು’ ಎಂದು ಬೋಧಿಸುವವರನ್ನು ಕಂಡರೆ ನನಗೂ ಅಸಹನೆಯಾಗುತ್ತದೆ.

ಆದರೂ ಆ ಹಿರಿಯರ ವಾದ ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಆಗುವುದಿಲ್ಲ. ನಾವು ಕಳೆದುಕೊಂಡ ವಾರ ಒಂದೇ ಸಲದ ಖರ್ಚು. ತಪ್ಪು ಹೆಸರಿನ ಖರ್ಚು ಹಾಗಲ್ಲ. ಸೇರುವ ಪ್ರತಿಯೊಬ್ಬರೂ ಅದನ್ನು ಬೇರೆ ಬೇರೆಯಾಗಿ ಕಟ್ಟುತ್ತಾರೆ. ಅದು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ, ‘ಹೊಸಬರಿಗೆ ಕಲಿಯಲು ಸಮಯ ಬೇಕು’ ಎಂಬ ಮಾತಿನ ಕೆಳಗೆ ಮುಚ್ಚಿಹೋಗುತ್ತದೆ. ಜೊತೆಗೆ ನಮ್ಮ ಆ ವಾರದ ಕಷ್ಟದಲ್ಲಿ ಅರ್ಧದಷ್ಟು ನಾವು ಪ್ಯಾಚುಗಳನ್ನು ಇಟ್ಟುಕೊಂಡ ರೀತಿಯಿಂದ ಬಂದದ್ದು. ಕೋಡಿನ ಬದಲಾವಣೆಗಳ ಇತಿಹಾಸ ಕಾಯುವ ಗಿಟ್‌ನಲ್ಲಿ ನಮ್ಮ ಬದಲಾವಣೆಗಳನ್ನು ಒಂದು ಶಾಖೆಯಾಗಿ ಇಟ್ಟುಕೊಂಡಿದ್ದರೆ, ಹೊಸ ಕೋಡಿನೊಂದಿಗೆ ಅದನ್ನು ಕೂಡಿಸುವಾಗ (ಮರ್ಜ್ ಮಾಡುವಾಗ) ಅಳಿದ ಫೈಲನ್ನೂ ಹೊಸದಾಗಿ ಬಂದ ಫೈಲನ್ನೂ ಗಿಟ್ ಹೋಲಿಸಿ ನೋಡುತ್ತದೆ. ಅರ್ಧಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ‘ಇದು ಅದೇ ಫೈಲ್, ಹೆಸರು ಬೇರೆ’ ಎಂದು ತಾನೇ ಗುರುತಿಸುತ್ತದೆ. ಆಮೇಲೆ ನಾವು ಹಾಗೆಯೇ ಮಾಡಿಕೊಂಡೆವು.

ಇದರಲ್ಲಿ ಹೆಸರು ಬದಲಿಸುವವರಿಗೂ ಒಂದು ಮಾತಿದೆ. ಫೈಲಿನ ಹೆಸರು ಬದಲಾದದ್ದನ್ನು ಗಿಟ್ ಎಲ್ಲೂ ಬರೆದಿಡುವುದಿಲ್ಲ, ಹೋಲಿಕೆಯಿಂದ ಊಹಿಸುತ್ತದೆ. ಹೆಸರು ಬದಲಿಸುವ ಕಮಿಟ್‌ನಲ್ಲೇ (ಒಮ್ಮೆಗೆ ದಾಖಲಿಸುವ ಬದಲಾವಣೆಯಲ್ಲೇ) ‘ಹೇಗೂ ಕೈ ಹಾಕಿದ್ದೇನೆ’ ಎಂದು ಒಳಗಿನ ತರ್ಕವನ್ನೂ ತಿದ್ದಿದರೆ ಹೋಲಿಕೆ ಕುಸಿದು, ಒಂದು ಫೈಲ್ ಸತ್ತು ಇನ್ನೊಂದು ಹುಟ್ಟಿದಂತೆ ಕಾಣುತ್ತದೆ. ಹಳೆಯ ಇತಿಹಾಸ ಅಲ್ಲಿಗೇ ಕಡಿದುಹೋಗುತ್ತದೆ. ಹೆಸರು ಬದಲಿಸುವ ಕಮಿಟ್ ಹೆಸರನ್ನಷ್ಟೇ ಬದಲಿಸಬೇಕು. ಈ ವಿಷಯದಲ್ಲಿ ನಾನು ಇತರರ ಕೋಡನ್ನು ರಿವ್ಯೂ ಮಾಡುವಾಗ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ.

ಹುಡುಕಿ ಬದಲಿಸುವುದು ಸುಲಭವೇ?

ಎಡಿಟರಿನಲ್ಲಿ ಹುಡುಕಿ ಎಲ್ಲವನ್ನೂ ಬದಲಿಸಿದರೆ ಮುಗಿಯಿತಲ್ಲ ಎನ್ನುತ್ತಾರೆ ಈ ಕೆಲಸ ಮಾಡಿ ನೋಡದವರು. ಕ್ರೋಮಿಯಂ ಶೈಲಿಯ ಕೋಡನ್ನೇ ತೆಗೆದುಕೊಳ್ಳಿ. ಅಲ್ಲಿ ಪ್ರತಿ ಹೆಡರ್ ಫೈಲಿನ (ಬೇರೆ ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳುವ ಫೈಲಿನ) ತಲೆಯಲ್ಲಿ, ಅದು ಎರಡು ಸಲ ಸೇರದಂತೆ ತಡೆಯಲು, ಅದೇ ಫೈಲಿನ ಪೂರ್ತಿ ವಿಳಾಸದಿಂದ ಕಟ್ಟಿದ ಒಂದು ಉದ್ದನೆಯ ಕಾವಲು ಹೆಸರು ಇರುತ್ತದೆ. ಫೈಲಿನ ಹೆಸರು ಬದಲಾದರೆ ಅದೂ ಬದಲಾಗಬೇಕು. ಅಂಥ ಫೈಲುಗಳನ್ನು ಕರೆತರುವ ಇನ್‌ಕ್ಲೂಡ್ ಸಾಲುಗಳು ಅಕ್ಷರಕ್ರಮದಲ್ಲಿ ಇರಬೇಕೆಂಬ ನಿಯಮ ಇರುವುದರಿಂದ, ‘ಡಬ್ಲ್ಯು’ ಎಂದು ಪಟ್ಟಿಯ ಕೊನೆಯಲ್ಲಿದ್ದ ಸಾಲು ‘ಎ’ ಆಗಿ ಮೇಲಕ್ಕೆ ಹತ್ತಬೇಕು. ಒಂದು ಸಾಲಿಗೆ 80 ಅಕ್ಷರ ಮಿತಿ. ಹೊಸ ಹೆಸರು ಹಳೆಯದಕ್ಕಿಂತ ಚಿಕ್ಕದಾದ್ದರಿಂದ, ಮುರಿದು ಎರಡು ಸಾಲಾಗಿದ್ದವು ಈಗ ಒಂದೇ ಸಾಲಿಗೆ ಹಿಡಿಸುತ್ತವೆ, ಅವನ್ನೂ ಕೂಡಿಸಬೇಕು. ಇಷ್ಟನ್ನೂ ಯಂತ್ರಕ್ಕೆ ವಹಿಸಬಹುದು.

ವಹಿಸಲಾಗದ್ದು ಕಾಮೆಂಟುಗಳು, ಅಂದರೆ ಓದುವವರಿಗಾಗಿ ಕೋಡಿನ ನಡುವೆ ಬರೆದಿಡುವ ಟಿಪ್ಪಣಿಗಳು. ‘ಇಲ್ಲಿ ವ್ರೆಂಚ್ ಮಿಂಚುತ್ತದೆ’ ಎಂದು ಒಂದು ಸಾಲಿದೆ ಎನ್ನಿ. ಮಿಂಚುವುದು ಯಾವುದು? ಗುಂಡಿಯೇ, ಗುಂಡಿಯ ಮೇಲಿನ ಚಿತ್ರವೇ, ತೆರೆದ ಮೆನುವೇ? ಹಳೆಯ ಹೆಸರು ಮೂರಕ್ಕೂ ಸಲ್ಲುತ್ತಿತ್ತು, ಬರೆದವರು ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದು ಕೋಡನ್ನು ಓದಿದರೆ ಮಾತ್ರ ತಿಳಿಯುತ್ತದೆ. ಹೀಗೆ ಒಂದೊಂದು ಕಾಮೆಂಟಿನ ಮುಂದೆ ನಿಂತು ಯೋಚಿಸುವಾಗಲೇ ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿದ್ದು. ಹೆಸರು ಬದಲಿಸುವುದು ಎಂದರೆ ಆ ಕೋಡನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದುವುದು. ವಾರ್ಷಿಕ ಮೌಲ್ಯಮಾಪನದಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಇರುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಹೊಸದೊಂದು ಗುಂಡಿ ಸೇರಿಸಿದವರಿಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ಮುನ್ನೂರು ಕಡೆ ದಾರಿ ತಪ್ಪಿಸುತ್ತಿದ್ದ ಹೆಸರನ್ನು ಕಿತ್ತು ಸರಿಯಾದದ್ದನ್ನು ನೆಟ್ಟವರಿಗೆ “ಈ ವಾರ ಏನು ಮಾಡಿದಿರಿ?” ಎಂಬ ಪ್ರಶ್ನೆ.

ಕ್ರೋಮಿಯಂನವರು ಆರಿಸಿದ ಹೊಸ ಹೆಸರೂ ನನಗೆ ಮೆಚ್ಚುಗೆಯಾಯಿತು. ಆಗ ಪರದೆಯ ಮೇಲಿದ್ದದ್ದು ಮೂರು ಗೆರೆ, ಎಲ್ಲರ ಬಾಯಲ್ಲೂ ಇದ್ದದ್ದು ಹ್ಯಾಂಬರ್ಗರ್. (ಆ ಚಿತ್ರಕ್ಕೆ ವಯಸ್ಸು ಬಹಳ, 1981ರ ಜೆರಾಕ್ಸ್ ಸ್ಟಾರ್ ಯಂತ್ರಕ್ಕಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ಬರೆದದ್ದು.) ಅದನ್ನೇ ಕೋಡಿಗೂ ಇಟ್ಟಿದ್ದರೆ ಚುಕ್ಕೆಗಳು ಬಂದ ದಿನ ಎಲ್ಲವನ್ನೂ ಮತ್ತೆ ಬದಲಿಸಬೇಕಾಗುತ್ತಿತ್ತು. ಚಿತ್ರ ಬರೆಯುವವರ ಅಭಿರುಚಿ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ. ಇಡೀ ಆ್ಯಪ್‌ಗೆ ಸಂಬಂಧಿಸಿದ ಆಜ್ಞೆಗಳ ಪಟ್ಟಿ ಎಂಬ ಆ ಮೆನುವಿನ ಕೆಲಸ 2010ರಿಂದ ಬದಲಾಗಿಲ್ಲ.

ಮುಟ್ಟಬಾರದ ಜಾಗಗಳು

ಎಲ್ಲ ಕಡೆ ಬದಲಿಸಿದರೂ ಒಂದು ಜಾಗದಲ್ಲಿ ಕ್ರೋಮಿಯಂನವರು ವ್ರೆಂಚನ್ನು ಉಳಿಸಿದರು. ಮೆನು ತೆರೆದ ಮೇಲೆ ಬಳಸುವವರು ಯಾವ ಸಾಲನ್ನು ಒತ್ತಿದರು, ಒತ್ತಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬ್ರೌಸರ್ ಅಳೆಯುತ್ತದೆ. ಆ ಅಳತೆಗಳ ಹೆಸರು ‘ವ್ರೆಂಚ್ ಮೆನು’ ಎಂದೇ ಶುರುವಾಗುತ್ತದೆ. ಆ್ಯಪ್ ಮೆನು ಎಂಬ ಹೆಸರಿನ ಫೈಲಿನ ನಡುವೆ ಉದ್ಧರಣ ಚಿಹ್ನೆಯೊಳಗೆ ಕುಳಿತ ಹಳೆಯ ಹೆಸರನ್ನು ಮೊದಲು ಕಂಡಾಗ ಯಾರೋ ಮರೆತಿದ್ದಾರೆ ಎಂದೇ ಅನಿಸುತ್ತದೆ. ಆದರೆ ಅಳತೆಯ ಹೆಸರೇ ಅದರ ಗುರುತು. ಅದನ್ನು ಬದಲಿಸಿದರೆ ವರ್ಷಗಳಿಂದ ಸಾಗಿ ಬಂದ ನಕ್ಷೆ (ಗ್ರಾಫ್) ಅಲ್ಲಿಗೆ ನಿಂತು, ಹೊಸ ನಕ್ಷೆ ಸೊನ್ನೆಯಿಂದ ಶುರುವಾಗುತ್ತದೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಲು ಆಗುವುದಿಲ್ಲ.

ನಮ್ಮ ರಾಜ್ಯದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. 2014ರ ನವೆಂಬರ್ 1ರಂದು 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ನಾವು ಕರೆಯುವಂತೆಯೇ ಬರೆಯುವುದೆಂದು ತೀರ್ಮಾನವಾಯಿತು. ಬೋರ್ಡುಗಳು ಬದಲಾದವು, ಬದಲಾಗಬೇಕಾದದ್ದೂ ನ್ಯಾಯ. ಹುಬ್ಬಳ್ಳಿಯ ರೈಲ್ವೆ ಸಂಕೇತ ಮಾತ್ರ ಇಂದಿಗೂ ಯುಬಿಎಲ್. ಬೆಂಗಳೂರಿನ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದ ಮೇಲೂ ಟಿಕೆಟಿನ ಮೇಲೆ ಎಸ್‌ಬಿಸಿ ಎಂದೇ ಬರುತ್ತದೆ. ಜನ ಓದುವ ಹೆಸರು ಬೇರೆ, ಯಂತ್ರಗಳು ಒಂದಕ್ಕೊಂದು ಹೇಳಿಕೊಳ್ಳುವ ಗುರುತು ಬೇರೆ.

ಆ್ಯಪಲ್ ಕಂಪನಿ ಮ್ಯಾಕ್ ಕಂಪ್ಯೂಟರುಗಳ 2022ರ ವೆಂಚುರಾ ಆವೃತ್ತಿಯಲ್ಲಿ ‘ಸಿಸ್ಟಂ ಪ್ರಿಫರೆನ್ಸಸ್’ ಅನ್ನು ‘ಸಿಸ್ಟಂ ಸೆಟ್ಟಿಂಗ್ಸ್’ ಮಾಡಿದಾಗಲೂ ಹೀಗೇ ಆಯಿತು. ಪರದೆಯ ಮೇಲೆ ಹೊಸ ಹೆಸರು, ಆ್ಯಪಿನ ಒಳಗುರುತಿನಲ್ಲಿ ಇನ್ನೂ ಪ್ರಿಫರೆನ್ಸಸ್. ವಿಂಡೋಸ್‌ನ ಉದಾಹರಣೆ ಇದಕ್ಕಿಂತ ಕಠಿಣ. 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಫೈಲುಗಳಿರುವ ಫೋಲ್ಡರಿನ ಹೆಸರು ‘ಸಿಸ್ಟಂ32’. ಎಷ್ಟೋ ಪ್ರೋಗ್ರಾಮುಗಳು ಆ ಹೆಸರನ್ನು ತಮ್ಮೊಳಗೆ ನೇರವಾಗಿ ಬರೆದುಕೊಂಡಿದ್ದರಿಂದ ಅದನ್ನು ಅಲುಗಿಸುವಂತಿರಲಿಲ್ಲ. ಹೊರಗಿನವರು ಒಮ್ಮೆ ಹಿಡಿದುಕೊಂಡ ಹೆಸರು ನಮ್ಮೊಬ್ಬರದಾಗಿ ಉಳಿಯುವುದಿಲ್ಲ.

ಹೀಗೆಂದು ಹೊರಗಿನವರು ಹಿಡಿದ ಹೆಸರನ್ನು ಎಂದೂ ಬದಲಿಸಬಾರದು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಕ್ರೋಮ್‌ನಲ್ಲಿ ಕಚೇರಿಗಳ ಆಡಳಿತಗಾರರು ಬಳಸುವ ‘ಬ್ಲ್ಯಾಕ್‌ಲಿಸ್ಟ್’ (ಕಪ್ಪುಪಟ್ಟಿ) ನೀತಿಗಳನ್ನು 2020ರಲ್ಲಿ ‘ಬ್ಲಾಕ್‌ಲಿಸ್ಟ್’ (ತಡೆಪಟ್ಟಿ) ಎಂದು ಬದಲಿಸಲು ಹೊರಟಾಗ, ಕೆಲವು ಕಾಲ ಎರಡು ಹೆಸರುಗಳೂ ಕೆಲಸ ಮಾಡುವಂತೆ ಇಟ್ಟರು. ಕಪ್ಪು ಎಂದರೆ ಕೆಟ್ಟದ್ದು, ಬಿಳಿ ಎಂದರೆ ಒಳ್ಳೆಯದು ಎಂಬ ಭಾವವನ್ನು ದಿನವಿಡೀ ಓದಬೇಕಾದವರ ದೃಷ್ಟಿಯಿಂದ ನೋಡಿದರೆ ಆ ಶ್ರಮ ಪಟ್ಟದ್ದು ಸರಿ ಎಂದೇ ನನ್ನ ನಿಲುವು. ಯಾರನ್ನೋ ನೋಯಿಸುವ ಹೆಸರಿಗೆ ‘ಎಲ್ಲರಿಗೂ ರೂಢಿಯಾಗಿದೆ’ ಎಂಬ ಸಮರ್ಥನೆ ಸಾಲದು. ರೂಢಿಯಾದದ್ದು ಯಾರಿಗೆ ಎಂದು ಕೇಳಬೇಕಾಗುತ್ತದೆ.

ಇನ್ನೊಂದು ಅತಿಯೂ ಇದೆ. ಹೆಸರು ಹಳೆಯದು ಎಂಬ ಒಂದೇ ಕಾರಣಕ್ಕೆ ಬದಲಿಸಲು ಹೊರಡುವವರು. ಈಮ್ಯಾಕ್ಸ್ ಎಡಿಟರಿನ ಮೆನುವಿನಲ್ಲಿ ‘ಪೇಸ್ಟ್’ ಎಂದಿದೆ, ಅದು ಕರೆಯುವ ಆಜ್ಞೆಯ ಹೆಸರು ‘ಯಾಂಕ್’. ‘ಕಟ್’ ಎಂಬ ಸಾಲಿನ ಹಿಂದೆ ಇರುವುದು ‘ಕಿಲ್ ರೀಜನ್’. ನೋಡಿದ ತಕ್ಷಣ ಇದೂ ವ್ರೆಂಚಿನ ಕಥೆಯೇ ಎನಿಸುತ್ತದೆ. ಆದರೆ ಆ ಹೆಸರುಗಳು ಅದೇ ಕೆಲಸಕ್ಕೆ ದಶಕಗಳಿಂದ ನಿಷ್ಠೆಯಿಂದ ಅಂಟಿಕೊಂಡಿವೆ. ಕೈಪಿಡಿಯಲ್ಲಿ, ಕೋಡಿನಲ್ಲಿ, ಬಳಸುವವರ ಮಾತಿನಲ್ಲಿ, ಎಲ್ಲೆಡೆ ಒಂದೇ ಅರ್ಥ. ಹೊಸಬರು ಒಮ್ಮೆ ಕಲಿತರೆ ಆ ಹೆಸರು ಅವರ ಕೈ ಬಿಡುವುದಿಲ್ಲ. ಅದನ್ನು ಬದಲಿಸಿ ಜನ ವರ್ಷಗಳಿಂದ ತಿದ್ದಿ ಇಟ್ಟುಕೊಂಡ ಸೆಟ್ಟಿಂಗ್ಸ್ ಫೈಲುಗಳನ್ನು ಮುರಿಯುವುದು ನನಗೆ ಸರಿಕಾಣುವುದಿಲ್ಲ.

ಈಗ ನಮ್ಮ ಮೇಜಿನ ಮೇಲೆ

ಈಗ ನಾನಿರುವ ತಂಡದಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಹೊಸದಾಗಿ ಸೇರಿದವರು ಮೊದಲ ತಿಂಗಳು ಒಂದು ಪಟ್ಟಿ ಬರೆಯುತ್ತಾರೆ: ಯಾವ ಹೆಸರು ನೋಡಿ ಏನೆಂದುಕೊಂಡೆ, ಅದು ನಿಜವಾಗಿ ಏನಾಗಿತ್ತು. ವಿವರಣೆ, ಸಲಹೆ ಏನೂ ಬೇಡ, ಅಷ್ಟೇ ಸಾಕು. ತಿಂಗಳು ಮುಗಿದ ಮೇಲೆ ಬರೆಯಲು ಹೇಳಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಎಲ್ಲವೂ ಸಹಜವಾಗಿ ಕಾಣತೊಡಗಿರುತ್ತದೆ. ಪಟ್ಟಿಯನ್ನು ಹಳಬರೆಲ್ಲ ಕುಳಿತು ಓದುತ್ತೇವೆ. “ಅದಕ್ಕೆ ಒಂದು ಕಾರಣವಿದೆ” ಎಂದು ಶುರು ಮಾಡುವುದನ್ನು ನಿಷೇಧಿಸಿದ್ದೇವೆ.

ನಾವು ಮಾಡುತ್ತಿರುವುದು ಶಾಲಾ ಪಠ್ಯಗಳನ್ನು ಓದುವ ಒಂದು ಆ್ಯಪ್. ಕನ್ನಡದ ಜೊತೆಗೆ ಉರ್ದುವಿನಲ್ಲೂ ಬರುತ್ತದೆ. ಈಚೆಗೆ ಸೇರಿದ ಹುಡುಗನ ಪಟ್ಟಿಯ ಮೊದಲ ಸಾಲು ‘ಲೆಫ್ಟ್ ಮೆನು’. ಪಾಠಗಳ ಪಟ್ಟಿ ತೆರೆಯುವ ಮೆನು ಅದು. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿಯಾದ್ದರಿಂದ ಆ ಭಾಷೆಯಲ್ಲಿ ತೆರೆದರೆ ಇಡೀ ಪರದೆ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ, ಮೆನು ಬಲಕ್ಕೆ ಬರುತ್ತದೆ. ಉರ್ದು ಪರದೆಯ ಒಂದು ಬಗ್ ಹುಡುಕುತ್ತಾ ಅವನು ‘ರೈಟ್ ಮೆನು’ ಎಂದು ಹುಡುಕಿ, ಸಿಗದೆ, ಬಲಕ್ಕೆ ಕಾಣುವುದು ಬೇರೆಯೇ ಮೆನು ಇರಬೇಕೆಂದು ಎರಡು ದಿನ ಅಲೆದಿದ್ದಾನೆ. ಆಂಡ್ರಾಯ್ಡ್ 2012ರಲ್ಲೇ ಎಡ-ಬಲ ಎನ್ನುವುದರ ಬದಲು ಆರಂಭ-ಅಂತ್ಯ ಎಂದು ಹೇಳುವ ದಾರಿ ತೆರೆದಿತ್ತು. ತಂಡದಲ್ಲಿ ಕೆಲವರು ಅದನ್ನೇ ಅನುಸರಿಸಿ ‘ಸ್ಟಾರ್ಟ್ ಮೆನು’ ಎನ್ನೋಣ ಎಂದರು. ನಾನು ಬೇಡವೆಂದೆ. ಅದೂ ಜಾಗದ ಹೆಸರೇ, ವಿಂಡೋಸ್‌ನ ಸ್ಟಾರ್ಟ್ ಮೆನುವಿನ ಗೊಂದಲ ಬೇರೆ. ಮುಂದಿನ ವಿನ್ಯಾಸದಲ್ಲಿ ಇದು ಪರದೆಯ ಕೆಳಗಿನಿಂದ ಏಳುವ ಮಾತೂ ನಡೆದಿದೆ. ‘ಪಾಠಪಟ್ಟಿ’ ಎಂಬ ಅರ್ಥ ಬರುವ ಹೆಸರನ್ನು ನಾನು ಮುಂದಿಟ್ಟಿದ್ದೇನೆ, ಅವನಿಗೂ ಅದೇ ಇಷ್ಟ.

ಒಂದೇ ಅಡ್ಡಿ ಉಳಿದಿದೆ. ಮೆನುವನ್ನು ತೆರೆದಿಟ್ಟೇ ಆ್ಯಪ್ ಮುಚ್ಚಿದ್ದರೆ ಮುಂದಿನ ಸಲ ತೆರೆದೇ ಇರಲಿ ಎಂದು ಆ ಸ್ಥಿತಿಯನ್ನು ಮಕ್ಕಳ ಟ್ಯಾಬ್ಲೆಟ್‌ಗಳಲ್ಲಿ ಹಳೆಯ ಹೆಸರಿನಲ್ಲೇ ಉಳಿಸುತ್ತಿದ್ದೇವೆ. ಶಾಲೆಗಳ ಟ್ಯಾಬ್ಲೆಟ್‌ಗಳು ತಿಂಗಳುಗಟ್ಟಲೆ ಇಂಟರ್‌ನೆಟ್ ಕಾಣುವುದಿಲ್ಲ, ಯಾವುದು ಯಾವ ಆವೃತ್ತಿಯಿಂದ ನೇರ ಹೊಸದಕ್ಕೆ ಜಿಗಿಯುತ್ತದೆ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಮೊದಲು ಹೊಸ ಹೆಸರನ್ನು ಓದಿ, ಇಲ್ಲದಿದ್ದರೆ ಹಳೆಯದನ್ನು ಓದಿ, ಬರೆಯುವಾಗ ಹೊಸದರಲ್ಲೇ ಬರೆಯುವ ಒಂದು ಸಣ್ಣ ಫಂಕ್ಷನ್ ಬೇಕು. ಅದನ್ನು ಬರೆಯುವ ಕೆಲಸವನ್ನು ಅವನಿಗೇ ವಹಿಸಿದ್ದೇವೆ. ಹೆಸರು ಬದಲಿಸುವ ಕಮಿಟ್ ಅದಾದ ಮೇಲೆ, ಬೇರೆಯಾಗಿ.